ಮನೆಯೊಳಗಿನ ಮೀನಿನ ತೊಟ್ಟಿಯನ್ನು ಸ್ಥಳಾಂತರಿಸುವ ಕ್ರಮ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗಗಳಲ್ಲಿ ದ್ರಾಕ್ಷಿಯ ಬೆಳೆಯೂ ಮಣೂಕದ ಉದ್ಯೋಗವೂ ಬೆಳೆದಂತೆ ಒಕ್ಕಲಿಗನ ಮನೆಯೊಳಗೆ ಯಂತ್ರ ಸಲಕರಣೆಗಳೂ ಹೆಚ್ಚಿವೆ. ಹನಿ ನೀರಾವರಿಯ ಸಾಮಾನು, ಔಷಧ ಸಿಂಪಡಿಸುವ ಯಂತ್ರ, ಪಂಪಿನ ಸ್ಟಾರ್ಟರು, ಇನ್ವರ್ಟರು ಮತ್ತು ಅದರ ಬ್ಯಾಟರಿಗಳು, ಮಾಲು ತೂಗುವ ಕಾಟಾ ಇವೇ ಮೊದಲಾದವುಗಳಿಗೆ ಮಳೆ ಬಿಸಿಲು ತಾಗದ ಸ್ಥಳವು ಬೇಕಾಗುವದು. ಅಂಥ ಸ್ಥಳವನ್ನು ಹುಡುಕುವಾಗ ಪಡಸಾಲೆಯ ಗೋಡೆಗೆ ಹಚ್ಚಿ ಇಟ್ಟ ಮೀನಿನ ದೊಡ್ಡ ಗಾಜಿನ ತೊಟ್ಟಿಯ ಮೇಲೆ ಯಜಮಾನರ ದೃಷ್ಟಿಯು ಬೀಳುವದು ಸಹಜವಾಗಿದೆ. ಜೈನಾಪುರದಂಥ ಗ್ರಾಮದಲ್ಲಿ ನಾಲ್ಕು ಆಳುಗಳನ್ನು ಕರೆಯುವದು ಕಷ್ಟವಲ್ಲ; ಹಿಡಿದು ಆಚೆಗೆ ಸರಿಸಿದರಾಯಿತೆಂದು ಅನೇಕರು ಎಣಿಸುವರು. ಈ ಎಣಿಕೆಯಿಂದ ಎರಡು ಬಗೆಯ ಹಾನಿಗಳು ಒದಗುವವು. ಒಂದು, ತೊಟ್ಟಿಯು ಬಿರಿದು ಆಳುಗಳಿಗೆ ಗಾಯವಾಗುವದು. ಇನ್ನೊಂದು, ತೊಟ್ಟಿಯು ಸುರಕ್ಷಿತವಾಗಿ ಹೊಸ ಸ್ಥಳವನ್ನು ಸೇರಿಯೂ ನಾಲ್ಕಾರು ದಿವಸಗಳಲ್ಲಿ ಮೀನುಗಳು ಒಂದೊಂದಾಗಿ ಸಾಯುವವು. ಮೊದಲನೆಯ ಹಾನಿಗೆ ನೀರಿನ ಭಾರವನ್ನು ಅರಿಯದಿರುವದೂ, ಎರಡನೆಯದಕ್ಕೆ ನೀರಿನೊಳಗಿನ ಕಾಣದ ಜೀವಿಗಳನ್ನು ಅರಿಯದಿರುವದೂ ಕಾರಣಗಳು. ಇವೆರಡನ್ನೂ ತಿಳಿದವನಿಗೆ ಈ ಕೆಲಸವು ಒಂದು ಮುಂಜಾನೆಯ ಕೆಲಸವೇ ಸರಿ.

೧. ಭಾರದ ಲೆಕ್ಕ

ಉದ್ದ ೫ ಅಡಿ, ಅಗಲ ೨ ಅಡಿ, ಎತ್ತರ ೨ ಅಡಿ ಇರುವ ತೊಟ್ಟಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಒಳಗಿನ ಗಾತ್ರವು ೨೦ ಘನ ಅಡಿ. ಒಂದು ಘನ ಅಡಿಯಲ್ಲಿ ೨೮ ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುವದು. ಮೇಲೆ ೨ ಅಂಗುಲ ಬಿಟ್ಟು, ತಳದ ಹರಳುಕಲ್ಲು ಆಕ್ರಮಿಸಿದ ಸ್ಥಳವನ್ನು ಕಳೆದರೂ ಸುಮಾರು ೪೯೦ ಲೀಟರು ನೀರು ನಿಲ್ಲುವದು. ಲೀಟರಿಗೆ ಒಂದು ಕಿಲೋದಂತೆ ನೀರಿನ ಭಾರವೇ ೪೯೦ ಕಿಲೋ ಆಯಿತು. ಗಾಜಿನ ದಪ್ಪವು ೧೨ ಮಿಲಿಮೀಟರು ಇದ್ದರೆ ಬರಿಯ ತೊಟ್ಟಿಯ ಭಾರವು ಸುಮಾರು ೧೦೫ ಕಿಲೋ. ತಳದಲ್ಲಿ ೨ ಅಂಗುಲ ಹರಡಿದ ಹರಳುಕಲ್ಲು ಸುಮಾರು ೭೫ ಕಿಲೋ. ಒಟ್ಟು ಸುಮಾರು ೬೭೦ ಕಿಲೋ. ಎಂದರೆ ಕ್ವಿಂಟಲಿನ ಆರೇಳು ಜೋಳದ ಚೀಲಗಳನ್ನು ೧೦ ಚದರಡಿ ನೆಲದ ಮೇಲೆ ಒಟ್ಟಿದಂತಾಯಿತು.

ಈ ಲೆಕ್ಕದಿಂದ ಎರಡು ನಿಯಮಗಳು ದೊರೆಯುವವು. ನೀರು ತುಂಬಿದ ತೊಟ್ಟಿಯನ್ನು ಎಂದಿಗೂ ಎತ್ತತಕ್ಕದ್ದಲ್ಲ, ಸರಿಸತಕ್ಕದ್ದೂ ಅಲ್ಲ. ಸ್ವಲ್ಪ ನೀರು ಇರಲೆಂದು ಬಿಡುವದೂ ತಪ್ಪು. ಮೂರೇ ಅಂಗುಲ ನೀರು ಉಳಿದರೂ ಅದರ ಭಾರವು ೭೦ ಕಿಲೋ ಆಗುವದಲ್ಲದೆ, ಎತ್ತುವಾಗ ಅದು ಒಂದು ಮಗ್ಗುಲಿಗೆ ಹರಿದು ಗಾಜುಗಳನ್ನು ಜೋಡಿಸಿದ ಸಿಲಿಕೋನ್ ಅಂಟಿನ ಸಂದುಗಳನ್ನು ತಿರುಚುವದು. ಆ ಸಂದು ಅಂದೇ ಸೋರದಿದ್ದರೂ ನೀರು ತುಂಬಿದ ಮೇಲೆ ಕೆಲವು ದಿನಗಳಲ್ಲಿ ಸೋರಬಹುದು.

ಎರಡನೆಯ ನಿಯಮವು ಸ್ಥಳಕ್ಕೆ ಸಂಬಂಧಿಸಿದ್ದು. ಈ ಭಾಗದ ಹಳೆಯ ಮನೆಗಳಲ್ಲಿ ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆಗಳು ಇರುವವು. ಅವುಗಳ ಮೇಲೆ ತೊಟ್ಟಿಯನ್ನು ಏರಿಸುವದು ಸರ್ವಥಾ ಕೂಡದು. ಸಿಮೆಂಟಿನ ಮಾಳಿಗೆಯೇ ಆದರೂ ವಿಚಾರಿಸಬೇಕು. ವಾಸದ ಮನೆಯ ಕೋಣೆಗೆ ಭಾರತೀಯ ಮಾನಕ ೮೭೫ ಹೇಳುವ ಭಾರದ ಲೆಕ್ಕವು ಚದರ ಮೀಟರಿಗೆ ಸುಮಾರು ೨೦೦ ಕಿಲೋ. ಮೇಲಿನ ತೊಟ್ಟಿಯಾದರೋ ತನ್ನ ಕೆಳಗಿನ ನೆಲದ ಮೇಲೆ ಚದರ ಮೀಟರಿಗೆ ೭೦೦ ಕಿಲೋಕ್ಕೂ ಹೆಚ್ಚು ಭಾರವನ್ನು ಹಾಕುವದು. ಆದುದರಿಂದ ತಳಮನೆಯಲ್ಲಿ, ಗಟ್ಟಿಯಾದ ನೆಲದ ಮೇಲೆ, ಗೋಡೆಯ ಹತ್ತಿರದಲ್ಲಿ ಸ್ಥಳವನ್ನು ಆರಿಸುವದು ಉತ್ತಮ. ಫರಸಿ ಹಾಸಿದ ನೆಲವಾದರೆ ಕೆಳಗೆ ಪೊಳ್ಳು ಇದೆಯೋ ಎಂಬುದನ್ನು ಬಡಿದು ನೋಡಬೇಕು. ಕರಿಮಣ್ಣಿನ ನೆಲಗಟ್ಟು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವದರಿಂದ, ಬಿರುಕು ಬಿಟ್ಟು ಒಂದು ಕಡೆಗೆ ಇಳಿದ ನೆಲವನ್ನು ಬಿಡತಕ್ಕದ್ದು.

೨. ನೀರಿನೊಳಗಿನ ಕಾಣದ ಜೀವಿಗಳು

ಮೀನುಗಳು ತಮ್ಮ ಕಿವಿರುಗಳ ಮೂಲಕ ಅಮೋನಿಯವನ್ನು ನೀರಿಗೆ ಬಿಡುವವು. ಉಳಿದ ಆಹಾರವೂ ಮಲವೂ ಕೊಳೆತು ಅದೇ ವಸ್ತುವಾಗುವದು. ಅಮೋನಿಯವು ಮೀನಿಗೆ ವಿಷ. ಆದರೂ ಹಳೆಯ ತೊಟ್ಟಿಯಲ್ಲಿ ಮೀನುಗಳು ಸುಖವಾಗಿರುವ ಕಾರಣವೇನು? ಹೊಲದಲ್ಲಿ ಹಾಕಿದ ಗೊಬ್ಬರವು ಬೆಳೆಗೆ ಒದಗುವ ಕ್ರಮವನ್ನು ಬಲ್ಲವರಿಗೆ ಇದರ ಉತ್ತರವು ಸುಲಭವಾಗಿ ತಿಳಿಯುವದು. ಗೊಬ್ಬರದೊಳಗಿನ ಅಮೋನಿಯವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟ್ ಆಗಿ, ತರುವಾಯ ನೈಟ್ರೇಟ್ ಆಗಿ ಮಾರ್ಪಡಿಸುವವು. ಇದು ಜೀವಿಗಳ ಕೆಲಸವೆಂಬುದನ್ನು ೧೮೭೭ರಲ್ಲಿ ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿದ್ವಾಂಸರು ತೋರಿಸಿದರು. ಅವರು ಮರಳು ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ಮೆಲ್ಲಗೆ ಇಳಿಬಿಟ್ಟರು. ಸುಮಾರು ೨೦ ದಿನಗಳಾದ ಮೇಲೆ ಅಮೋನಿಯವು ನೈಟ್ರೇಟ್ ಆಗತೊಡಗಿತು; ಕ್ಲೋರೋಫಾರ್ಮಿನ ಆವಿಯನ್ನು ಹಾಯಿಸಿದೊಡನೆ ಆ ಕ್ರಿಯೆಯು ನಿಂತಿತು. ರಶಿಯದ ವಿನೋಗ್ರಾಡ್‌ಸ್ಕಿಯವರು ೧೮೯೦ರ ಸುಮಾರಿಗೆ ಆ ಜೀವಿಗಳನ್ನು ಬೇರ್ಪಡಿಸಿದರು.

ಮೀನಿನ ತೊಟ್ಟಿಯ ಹರಳುಕಲ್ಲೂ, ಫಿಲ್ಟರು ಎಂದು ಕರೆಯುವ ಶೋಧಕದ ಸ್ಪಂಜೂ ಆ ಮರಳಿನ ಕೊಳವೆಯ ಕೆಲಸವನ್ನೇ ಮಾಡುತ್ತಿರುವವು. ಈ ಜೀವಿಗಳು ಹೆಚ್ಚಾಗಿ ನೀರಿನಲ್ಲಿ ತೇಲುತ್ತಿರುವದಿಲ್ಲ. ಕಲ್ಲಿಗೆ, ಸ್ಪಂಜಿಗೆ, ಗಾಜಿಗೆ ಲೋಳೆಯ ಪದರಾಗಿ ಅಂಟಿಕೊಂಡಿರುವವು. ಅವುಗಳಿಗೆ ತೇವವೂ ಗಾಳಿಯೂ ಸದಾ ಬೇಕು. ಸ್ಥಳಾಂತರದ ದಿನ ಮನೆಯವರು ಸ್ವಚ್ಛತೆಯ ಉತ್ಸಾಹದಿಂದ ಕಲ್ಲನ್ನು ತಿಕ್ಕಿ ತೊಳೆದು ಬಿಸಿಲಿಗೆ ಹರಡಿ, ಸ್ಪಂಜನ್ನು ನಳದ ಕೆಳಗೆ ಹಿಂಡಿ, ಹೊಚ್ಚ ಹೊಸ ನೀರನ್ನು ತುಂಬಿದರೆ ತೊಟ್ಟಿಯು ಕನ್ನಡಿಯಂತೆ ಹೊಳೆಯುವದು ನಿಜ. ಆದರೆ ಅಮೋನಿಯವನ್ನು ಕರಗಿಸುವ ಜೀವಿಗಳು ಇಲ್ಲದಾಗಿ, ಅವು ಮತ್ತೆ ಸಾಕಷ್ಟು ಬೆಳೆಯಲು ೪ ರಿಂದ ೬ ವಾರಗಳು ಹಿಡಿಯುವವು. ಮೀನುಗಳು ಸಾಯುವದು ಈ ಅವಧಿಯಲ್ಲಿ.

ನಮ್ಮ ಜಿಲ್ಲೆಯಲ್ಲಿ ಈ ಅಪಾಯವು ತುಸು ಹೆಚ್ಚೇ ಇದೆ. ಕರಿಕಲ್ಲಿನ ಪದರುಗಳಿಂದ ಬರುವ ಬಾವಿ ಮತ್ತು ಕೊಳವೆಬಾವಿಗಳ ನೀರು ಹಲವೆಡೆ ಗಡಸಾಗಿಯೂ ಕ್ಷಾರಗುಣವುಳ್ಳದ್ದಾಗಿಯೂ ಇರುವದು. ೩೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ನೀರಿನ ಪಿ.ಎಚ್. ೭ ರಿಂದ ೮ಕ್ಕೆ ಏರಿದರೆ ಅಮೋನಿಯದ ವಿಷಕರವಾದ ಭಾಗವು ಸುಮಾರು ೧೦ ಪಟ್ಟು ಹೆಚ್ಚುವದು. ಇದಲ್ಲದೆ ಬಿಸಿಯಾದ ನೀರು ಪ್ರಾಣವಾಯುವನ್ನು ಕಡಿಮೆ ಹಿಡಿಯುವದು. ೨೦ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ ಪ್ರಾಣವಾಯುವು ಕರಗಿರಬಲ್ಲದಾದರೆ ೩೦ ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುವದು. ಆದುದರಿಂದ ಈ ಕೆಲಸಕ್ಕೆ ಕಾರ್ತಿಕದಿಂದ ಮಾಘದ ವರೆಗಿನ ಕಾಲವು ಉತ್ತಮ. ಬೇಸಿಗೆಯಲ್ಲಿಯೇ ಮಾಡಬೇಕಾಗಿ ಬಂದರೆ ನಸುಕಿನಲ್ಲಿ ಆರಂಭಿಸಿ ಬಿಸಿಲೇರುವದರೊಳಗೆ ಮುಗಿಸತಕ್ಕದ್ದು.

೩. ಪಾತ್ರೆಗಳ ವಿಷಯದಲ್ಲಿ ಎಚ್ಚರಿಕೆ

ಒಕ್ಕಲಿಗನ ಮನೆಯಲ್ಲಿ ಪೀಪಾಯಿಗಳಿಗೂ ಬಕೀಟುಗಳಿಗೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಮೀನಿಗೆ ಯೋಗ್ಯವಾದವು ಕೆಲವೇ. ದ್ರಾಕ್ಷಿ ತೋಟಕ್ಕೆ ಔಷಧ ಕಲಸಿದ ಪೀಪಾಯಿಯನ್ನು ಎಷ್ಟು ಸಲ ತೊಳೆದಿದ್ದರೂ ಮೀನಿಗಾಗಲಿ ತೊಟ್ಟಿಯ ನೀರಿಗಾಗಲಿ ಬಳಸಕೂಡದು. ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕಗಳು ಒಂದು ಲೀಟರು ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನುಗಳನ್ನು ಕೊಲ್ಲಬಲ್ಲವು. ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತವೂ ಮೀನಿಗೆ ವಿಷವೇ. ಅದೇ ಕಾರಣದಿಂದ ನೀರು ಕಾಯಿಸುವ ತಾಮ್ರದ ಹಂಡೆ ಕೊಡಗಳನ್ನೂ, ಸತುವಿನ ಲೇಪವುಳ್ಳ ತಗಡಿನ ಬಕೀಟುಗಳನ್ನೂ ದೂರವಿಡಬೇಕು. ಕುಡಿಯುವ ನೀರಿಗೆ ಬಳಸುವ ಪ್ಲಾಸ್ಟಿಕ್ಕಿನ ಪೀಪಾಯಿಗಳೂ ಸ್ಟೀಲಿನ ಪಾತ್ರೆಗಳೂ ಯೋಗ್ಯವಾದವು. ಯಾವ ಪಾತ್ರೆಯನ್ನೂ ಸಾಬೂನಿನಿಂದ ತೊಳೆಯಕೂಡದು. ಕೆಲಸ ಮಾಡುವ ಆಳು ಅಂದು ಬೆಳಿಗ್ಗೆ ಔಷಧ ಸಿಂಪಡಿಸಿ ಬಂದವನಾಗಿರಬಾರದು.

೪. ಪೂರ್ವಸಿದ್ಧತೆ

ಸ್ಥಳಾಂತರಕ್ಕೆ ಎರಡು ದಿನ ಮೊದಲು ಮೀನುಗಳಿಗೆ ಆಹಾರ ಹಾಕುವದನ್ನು ನಿಲ್ಲಿಸಬೇಕು. ಎರಡು ದಿನಗಳ ಉಪವಾಸದಿಂದ ಆರೋಗ್ಯವಾದ ಮೀನಿಗೆ ಹಾನಿಯಿಲ್ಲ. ಹೊಟ್ಟೆ ಬರಿದಾಗಿರುವದರಿಂದ ಪಾತ್ರೆಯೊಳಗಿನ ನೀರು ಬೇಗನೆ ಕೆಡುವದಿಲ್ಲ.

ಅದೇ ದಿನ ೨೦೦ ಲೀಟರಿನಷ್ಟು ಹೊಸ ನೀರನ್ನು ಪೀಪಾಯಿಯಲ್ಲಿ ತುಂಬಿಡಬೇಕು. ಗ್ರಾಮದ ನಳದ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಹಾಕುವದರಿಂದ ಅದರಲ್ಲಿ ಕ್ಲೋರೀನ್ ಇರುವದು. ಅದು ಮೀನನ್ನೂ ಮೇಲೆ ಹೇಳಿದ ಸೂಕ್ಷ್ಮಜೀವಿಗಳನ್ನೂ ಕೊಲ್ಲುವದು. ಬಾಯಿ ತೆರೆದ ಪೀಪಾಯಿಯಲ್ಲಿ ಒಂದು ಹಗಲು ಒಂದು ರಾತ್ರಿ ನಿಂತರೆ ಅದು ಬಹುಮಟ್ಟಿಗೆ ಹೋಗುವದು. ಅವಸರವಿದ್ದರೆ ಹೈಪೋ ಎಂದು ಮಾರುವ ಸೋಡಿಯಂ ಥಯೋಸಲ್ಫೇಟಿನ ಹರಳನ್ನು ೧೦೦ ಲೀಟರಿಗೆ ೧ ಗ್ರಾಮಿನಂತೆ ಕರಗಿಸಿದರೆ ಸಾಕು. ಕೊಳವೆಬಾವಿಯ ನೀರಿನಲ್ಲಿ ಕ್ಲೋರೀನ್ ಇಲ್ಲದಿದ್ದರೂ ಪ್ರಾಣವಾಯುವು ಕಡಿಮೆ ಇರುವದರಿಂದ ಅದನ್ನೂ ನಿಲ್ಲಿಸಿ, ನಾಲ್ಕಾರು ಸಲ ಎತ್ತಿ ಸುರಿದು ಗಾಳಿಯಾಡಿಸಬೇಕು. ಪೀಪಾಯಿಯ ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟಿದರೆ ಸೊಳ್ಳೆಗಳು ಮೊಟ್ಟೆಯಿಡಲಾರವು.

ಹೊಸ ಸ್ಥಳದಲ್ಲಿ ಪೀಠವನ್ನು ಮೊದಲೇ ನಿಲ್ಲಿಸಿ, ಗವಂಡಿಗಳ ರಸಮಟ್ಟದಿಂದ ಉದ್ದಕ್ಕೂ ಅಡ್ಡಕ್ಕೂ ಪರೀಕ್ಷಿಸಬೇಕು. ಓರೆಯಿದ್ದರೆ ಪೀಠದ ಕಾಲಿನ ಕೆಳಗೆ ತಗಡು ಕೊಟ್ಟು ಸರಿಪಡಿಸಬೇಕೇ ಹೊರತು ತೊಟ್ಟಿಯ ಕೆಳಗೆ ಚಕ್ಕೆ ಕೊಡಬಾರದು. ಪೀಠದ ಮೇಲೆ ದಪ್ಪನೆಯ ಪ್ಲೈವುಡ್ ಹಲಗೆ, ಅದರ ಮೇಲೆ ಥರ್ಮಾಕೋಲಿನ ಹಾಳೆ ಇರಬೇಕು. ಒಂದು ಜೋಳದ ಕಾಳಿನಷ್ಟು ಹರಳು ಗಾಜಿನ ತಳಕ್ಕೆ ಸಿಕ್ಕಿದರೂ ಭಾರವೆಲ್ಲ ಅಲ್ಲಿಯೇ ಕೂಡಿ ಗಾಜು ಬಿರಿಯಬಹುದು. ಹಾದಿಯ ಬಾಗಿಲುಗಳ ಅಗಲವನ್ನು ಅಳೆದುಕೊಂಡು, ಹೊಸ್ತಿಲುಗಳನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

೫. ಸ್ಥಳಾಂತರದ ದಿನ

ಎಲ್ಲಕ್ಕಿಂತ ಮೊದಲು ವಿದ್ಯುತ್ತಿನ ಎಲ್ಲ ತಂತಿಗಳನ್ನೂ ಕಿತ್ತಿಡಬೇಕು; ಬರಿಯ ಗುಂಡಿಯನ್ನು ಆರಿಸಿದರೆ ಸಾಲದು. ನೀರು ಕಾಯಿಸುವ ಗಾಜಿನ ಕೊಳವೆಯಿದ್ದರೆ ಅದು ತಣ್ಣಗಾಗಲು ೨೦ ನಿಮಿಷ ಬಿಟ್ಟು ತರುವಾಯ ನೀರನ್ನು ಇಳಿಸಬೇಕು.

ರಬ್ಬರು ಕೊಳವೆಯಲ್ಲಿ ನೀರು ತುಂಬಿಕೊಂಡು, ಒಂದು ತುದಿಯನ್ನು ತೊಟ್ಟಿಯಲ್ಲಿಯೂ ಇನ್ನೊಂದನ್ನು ಕೆಳಗಿನ ಪೀಪಾಯಿಯಲ್ಲಿಯೂ ಬಿಟ್ಟರೆ ನೀರು ತಾನೇ ಇಳಿಯುವದು. ಬಾಯಿಂದ ಎಳೆಯುವ ರೂಢಿಯು ಆರೋಗ್ಯಕ್ಕೆ ಹಿತವಲ್ಲ. ಮೇಲಿನ ತಿಳಿನೀರಿನಲ್ಲಿ ೩೦೦ ಲೀಟರಿನಷ್ಟನ್ನು ಕಾಯ್ದಿಡಬೇಕು. ತಳದ ಕಲಕು ನೀರನ್ನು ಗಿಡಗಳಿಗೆ ಹಾಕಬಹುದು; ಅದರಲ್ಲಿ ನೈಟ್ರೇಟ್ ಇರುವದರಿಂದ ಗಿಡಗಳಿಗೆ ಒಳ್ಳೆಯದು.

ನೀರು ಮೂರರಲ್ಲೊಂದು ಪಾಲಿಗೆ ಇಳಿದ ಮೇಲೆ ದೊಡ್ಡ ಕಲ್ಲುಗಳನ್ನೂ ಅಲಂಕಾರದ ವಸ್ತುಗಳನ್ನೂ ತೆಗೆದು, ತರುವಾಯ ಮೀನುಗಳನ್ನು ಹಿಡಿಯಬೇಕು. ತುಂಬಿದ ತೊಟ್ಟಿಯಲ್ಲಿ ಬಲೆ ಹಿಡಿದು ಅಟ್ಟಾಡಿಸಿದರೆ ಮೀನುಗಳು ಬೆದರಿ, ಬಳಲಿ, ಹುರುಪೆಗಳನ್ನು ಕಳೆದುಕೊಳ್ಳುವವು. ಎರಡು ಬಲೆಗಳಿಂದ ಮೂಲೆಗೆ ತಂದು ಮೆಲ್ಲಗೆ ಎತ್ತಬೇಕು. ದೊಡ್ಡ ಮೀನನ್ನೂ ಮುಳ್ಳುಳ್ಳ ಮೀನನ್ನೂ ನೀರು ಸಹಿತ ಪಾತ್ರೆಯಲ್ಲಿಯೇ ಎತ್ತುವದು ಲೇಸು. ಹಳೆಯ ನೀರನ್ನು ಅರ್ಧ ತುಂಬಿದ ಪೀಪಾಯಿಯಲ್ಲಿ ಅವುಗಳನ್ನು ಬಿಟ್ಟು, ಹಾರದಂತೆ ಬಟ್ಟೆಯನ್ನು ಹೊದಿಸಿ, ನೆರಳಿನಲ್ಲಿ ಇಡತಕ್ಕದ್ದು. ದೊಡ್ಡವುಗಳನ್ನೂ ಸಣ್ಣವುಗಳನ್ನೂ ಬೇರೆ ಬೇರೆ ಇಡಬೇಕು. ಹಳ್ಳಿಯಲ್ಲಿ ವಿದ್ಯುತ್ತು ಯಾವಾಗ ನಿಲ್ಲುವದೆಂದು ಹೇಳಲಾಗದ ಕಾರಣ, ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು ಮೊದಲೇ ತಂದಿಟ್ಟುಕೊಳ್ಳುವದು ಜಾಣತನ.

ಶೋಧಕದ ಸ್ಪಂಜನ್ನು ಹಳೆಯ ನೀರಿನಲ್ಲಿಯೇ ಮುಳುಗಿಸಿ, ಗಾಳಿಯ ಪಂಪಿನ ಒಂದು ಕೊಳವೆಯನ್ನು ಅದಕ್ಕೂ ಕೊಡಬೇಕು. ಮುಚ್ಚಿದ ಡಬ್ಬಿಯೊಳಗೆ ಶೋಧಕವನ್ನು ತಾಸುಗಟ್ಟಲೆ ಹಾಗೆಯೇ ಬಿಟ್ಟರೆ ಒಳಗಿನ ಜೀವಿಗಳು ಉಸಿರುಕಟ್ಟಿ ಸಾಯುವವು. ಹರಳುಕಲ್ಲನ್ನು ಬಕೀಟುಗಳಿಗೆ ತುಂಬಿ, ಕೆಸರು ಹೆಚ್ಚಿದ್ದರೆ ಹಳೆಯ ನೀರಿನಲ್ಲಿಯೇ ಒಂದೆರಡು ಸಲ ಅಲುಗಿಸಿ ಚೆಲ್ಲಿ, ಒದ್ದೆಯಾದ ಗೋಣಿಯನ್ನು ಹೊದಿಸಬೇಕು.

ಹೀಗೆ ಪೂರ್ಣ ಬರಿದಾದ ತೊಟ್ಟಿಯನ್ನು ನಾಲ್ಕು ಜನರು ನಾಲ್ಕು ಮೂಲೆಗಳಲ್ಲಿ ತಳಕ್ಕೆ ಕೈಕೊಟ್ಟು, ಒಬ್ಬನ ಮಾತಿನ ಮೇಲೆ ಒಮ್ಮೆಗೇ ಎತ್ತಬೇಕು. ತಲೆಗೆ ೨೬ ಕಿಲೋ ಮಾತ್ರ ಭಾರ ಬರುವದು. ಮೇಲಿನ ಅಂಚನ್ನಾಗಲಿ ನಡುವಿನ ಗಾಜಿನ ಪಟ್ಟಿಯನ್ನಾಗಲಿ ಹಿಡಿದು ಎತ್ತಕೂಡದು. ಕೈಗೆ ದಪ್ಪ ಕೈಚೀಲ, ಕಾಲಿಗೆ ಜೋಡು ಇರಬೇಕು. ಐದನೆಯವನು ಮುಂದೆ ಹೋಗಿ ಬಾಗಿಲು, ಹೊಸ್ತಿಲು, ಮಕ್ಕಳು, ದನಕರು ಯಾವುದೂ ಅಡ್ಡ ಬರದಂತೆ ನೋಡಿಕೊಳ್ಳಬೇಕು.

೬. ಪುನಃ ತುಂಬುವದು ಮತ್ತು ತರುವಾಯದ ಆರೈಕೆ

ತೊಟ್ಟಿಯನ್ನು ಪೀಠದ ಮೇಲಿಟ್ಟು ರಸಮಟ್ಟವನ್ನು ಮತ್ತೊಮ್ಮೆ ನೋಡಿ, ಹರಳುಕಲ್ಲನ್ನು ಹಾಸಬೇಕು. ಅದರ ಮೇಲೆ ಒಂದು ತಟ್ಟೆಯನ್ನಿಟ್ಟು ಹಳೆಯ ನೀರನ್ನು ತಟ್ಟೆಯ ಮೇಲೆ ಸುರಿದರೆ ತಳವು ಕಲಕದು. ಅರ್ಧ ತುಂಬಿದಾಗ ನಿಲ್ಲಿಸಿ, ಎಲ್ಲ ಸಂದುಗಳನ್ನೂ ಒಣ ಕಾಗದದಿಂದ ಒರೆಸಿ ಸೋರುವಿಕೆಯಿದೆಯೋ ಎಂದು ಅರ್ಧ ತಾಸು ಪರೀಕ್ಷಿಸಬೇಕು. ಸೋರದಿದ್ದರೆ ಉಳಿದ ಹಳೆಯ ನೀರನ್ನೂ, ಸಿದ್ಧಪಡಿಸಿದ ಹೊಸ ನೀರನ್ನೂ ಮೆಲ್ಲಗೆ ಸೇರಿಸಿ ಶೋಧಕವನ್ನು ನಡೆಸಬೇಕು. ಹೊಸ ನೀರು ಒಟ್ಟಿನಲ್ಲಿ ಅರ್ಧವನ್ನು ಮೀರದಿರುವದು ಮೇಲು. ಪೀಪಾಯಿಯ ಮತ್ತು ತೊಟ್ಟಿಯ ನೀರಿನ ಉಷ್ಣತೆಯು ಸಮವಾದ ಮೇಲೆ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಪೀಪಾಯಿಗೆ ಬೆರೆಸುತ್ತ ಅರ್ಧ ತಾಸು ಕಳೆದು, ಮೀನುಗಳನ್ನು ಬಿಡಬೇಕು.

ಮೊದಲ ದಿನ ಆಹಾರವಿಲ್ಲ. ಮುಂದಿನ ಒಂದು ವಾರ ರೂಢಿಯ ಅರ್ಧದಷ್ಟೇ ಆಹಾರ. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯ್ದೆರೆಯುತ್ತಿದ್ದರೆ, ಇಲ್ಲವೆ ಮೂಲೆಯಲ್ಲಿ ರೆಕ್ಕೆ ಮುದುರಿಕೊಂಡು ನಿಂತಿದ್ದರೆ ಅಮೋನಿಯವು ಏರಿರಬಹುದೆಂದು ತಿಳಿಯತಕ್ಕದ್ದು. ಆಗ ನಾಲ್ಕರಲ್ಲೊಂದು ಪಾಲು ನೀರನ್ನು ಪ್ರತಿದಿನ ಬದಲಿಸಿ, ಗಾಳಿಯನ್ನು ಹೆಚ್ಚಿಸಬೇಕು. ಅಮೋನಿಯವನ್ನು ಅಳೆಯುವ ಸಣ್ಣ ಪೆಟ್ಟಿಗೆಯು ಮೀನಿನ ಅಂಗಡಿಗಳಲ್ಲಿ ದೊರೆಯುವದು. ದೊಡ್ಡ ತೊಟ್ಟಿಯುಳ್ಳವರು ಅದನ್ನು ಇಟ್ಟುಕೊಳ್ಳುವದು ಒಳಿತು.

೭. ಹೊಸ ಸಲಕರಣೆಯೂ ತೊಟ್ಟಿಯೂ

ತೊಟ್ಟಿ ಬಿಟ್ಟುಕೊಟ್ಟ ಸ್ಥಳದಲ್ಲಿ ಏನನ್ನು ಇಡುವರೆಂಬುದೂ ವಿಚಾರಣೀಯ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ಊದುವದು. ಆದುದರಿಂದ ಸಿಂಪಡಿಸುವ ಯಂತ್ರ, ಔಷಧದ ಡಬ್ಬಿ, ಮಣೂಕಕ್ಕೆ ಹಾಕುವ ಗಂಧಕದ ಹೊಗೆ ಇವುಗಳ ವಾಸನೆ ಮೂಗಿಗೆ ತಾಗುವ ಕೋಣೆಯಲ್ಲಿ ತೊಟ್ಟಿಯು ಇರಕೂಡದು. ನಿಜವಾಗಿ ನೋಡಿದರೆ ಅಂಥ ಕೋಣೆಯಲ್ಲಿ ಮಕ್ಕಳು ಮಲಗುವದೂ ಕೂಡದು; ಔಷಧದ ಸಾಮಾನನ್ನು ಮನೆಯ ಹೊರಗಿನ ಬೀಗವುಳ್ಳ ಕೋಣೆಯಲ್ಲಿ ಇಡುವದೇ ಸರಿಯಾದದ್ದು. ತೊಟ್ಟಿಯನ್ನು ಸರಿಸುವ ಮುನ್ನ ಈ ಪ್ರಶ್ನೆಯನ್ನು ಕೇಳಿಕೊಂಡರೆ ಎಷ್ಟೋ ಸಲ ಸರಿಸುವ ಅವಶ್ಯಕತೆಯೇ ಬೀಳದು.

ಆಮ್ಲದ ಬ್ಯಾಟರಿಗಳು ತುಂಬುವಾಗ ಹೈಡ್ರೋಜನ್ ಅನಿಲವನ್ನು ಬಿಡುವದರಿಂದ ಅವುಗಳಿಗೆ ಗಾಳಿಯಾಡುವ ಬೇರೆ ಸ್ಥಳ ಬೇಕು. ಇನ್ವರ್ಟರು, ಸ್ಟಾರ್ಟರುಗಳನ್ನು ತೊಟ್ಟಿಯ ಕೆಳಗಾಗಲಿ ಮಗ್ಗುಲಿಗಾಗಲಿ ಇಟ್ಟರೆ ನೀರು ಸಿಡಿದು ಪ್ರಾಣಾಪಾಯವಾದೀತು. ತೊಟ್ಟಿಯಿಂದ ಬರುವ ತಂತಿಯು ಸಾಕೆಟ್ಟಿಗಿಂತ ಕೆಳಗೆ ಜೋತು, ತರುವಾಯ ಮೇಲೇರಿ ಸಾಕೆಟ್ಟನ್ನು ಸೇರಬೇಕು; ಹಾಗಿದ್ದರೆ ತಂತಿಗುಂಟ ಇಳಿದ ನೀರು ಕೆಳಗಿನ ಬಾಗಿನಲ್ಲಿ ತೊಟ್ಟಿಕ್ಕುವದು, ಸಾಕೆಟ್ಟನ್ನು ಮುಟ್ಟದು. ಭೂಸಂಪರ್ಕವೂ, ೩೦ ಮಿಲಿ ಆಂಪಿಯರಿಗೆ ಕಡಿದುಕೊಳ್ಳುವ ಸೋರಿಕೆ ರಕ್ಷಕವೂ ಇರಲೇಬೇಕು.

೮. ಮೀನುಗಳನ್ನು ಕೆರೆಬಾವಿಗಳಿಗೆ ಬಿಡತಕ್ಕದ್ದಲ್ಲ

ಸ್ಥಳವಿಲ್ಲವೆಂದು ಕೆಲವರು ತೊಟ್ಟಿಯನ್ನೇ ತೆಗೆದು, ಪುಣ್ಯ ಬರಲೆಂದು ಮೀನುಗಳನ್ನು ಬಾವಿಗೋ ಕೆರೆಗೋ ಕೃಷ್ಣೆಯ ಹಿನ್ನೀರಿಗೋ ಬಿಡುವರು. ಇದು ಸರಿಯಲ್ಲ. ಅಲಂಕಾರದ ಮೀನುಗಳಲ್ಲಿ ಹೆಚ್ಚಿನವು ಪರದೇಶದವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ೧೯೨೮ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಮೀನು ಉಪಕಾರಿಯೇ ಆದರೂ, ದೇಶೀಯ ಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನುವ ಕಾರಣ ಇಂದು ಲೋಕದ ೧೦೦ ಅತಿ ಉಪದ್ರವಕಾರಿ ಆಗಂತುಕ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಗಾಜಿಗೆ ಬಾಯಿ ಹಚ್ಚಿ ಪಾಚಿ ತಿನ್ನುವ ಪರದೇಶದ ಮೀನು ತೊಟ್ಟಿಯಲ್ಲಿ ಗೇಣುದ್ದ ಇದ್ದರೂ ಕೆರೆಯಲ್ಲಿ ಮೊಳದುದ್ದ ಬೆಳೆದು ದಂಡೆಗಳಲ್ಲಿ ಬಿಲ ತೋಡುವದು. ಕೃಷಿ ಹೊಂಡಗಳಲ್ಲಿ ಕಟ್ಲಾ, ರೋಹು ಸಾಕುವವರಿಗೂ ಇದರಿಂದ ನಷ್ಟವುಂಟು. ಮೀನುಗಳನ್ನು ಇಟ್ಟುಕೊಳ್ಳಲಾರದವರು ಬೇರೆ ಸಾಕಣೆದಾರರಿಗಾಗಲಿ ಮೀನಿನ ಅಂಗಡಿಗಾಗಲಿ ಕೊಡಬೇಕು. ಸಂದೇಹವಿದ್ದಲ್ಲಿ ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಬೇಕು.

ಸಾರಾಂಶ

ಸ್ಥಳವನ್ನು ಭಾರದ ಲೆಕ್ಕದಿಂದ ಆರಿಸುವದು. ಎರಡು ದಿನ ಮೊದಲು ಆಹಾರ ನಿಲ್ಲಿಸಿ ನೀರು ಸಿದ್ಧಪಡಿಸುವದು. ಔಷಧದ, ತಾಮ್ರದ, ಸತುವಿನ ಪಾತ್ರೆಗಳನ್ನು ಮುಟ್ಟದಿರುವದು. ತೊಟ್ಟಿಯನ್ನು ಪೂರ್ಣ ಬರಿದು ಮಾಡಿಯೇ ಎತ್ತುವದು. ಕಲ್ಲನ್ನೂ ಸ್ಪಂಜನ್ನೂ ಹಳೆಯ ನೀರಿನಲ್ಲಿ ಒದ್ದೆಯಾಗಿಯೇ ಕಾಯುವದು. ಒಂದು ವಾರ ಆಹಾರವನ್ನು ಕಡಿಮೆ ಮಾಡಿ ಮೀನುಗಳನ್ನು ಗಮನಿಸುವದು. ಇಷ್ಟನ್ನು ಪಾಲಿಸಿದರೆ ಆಳುಗಳಿಗೆ ಗಾಯವಿಲ್ಲ, ಮೀನುಗಳಿಗೆ ಮರಣವಿಲ್ಲ. ಗ್ರಾಮಪ್ರಮುಖರೂ ಜಮೀನುದಾರರೂ ತಮ್ಮ ಮನೆಗಳಲ್ಲಿ ಈ ಕ್ರಮವನ್ನು ಆಚರಿಸಿ, ಕೇಳಬಂದ ನೆರೆಹೊರೆಯವರಿಗೂ ತಿಳಿಸಿಕೊಡುವದು ಯೋಗ್ಯವಾಗಿದೆ.